ನಾಲೆ ಏರಿ ಮೇಲೆ ಗೇರ್ ಸೈಕಲ್: ದಾರಿ ಎಲ್ಲಿದೆ, ಟೈರ್ ಎಂಥದ್ದಿರಬೇಕು, ನೀರಿಗೆ ಬಿದ್ದರೆ ಏನು ಮಾಡಬೇಕು?

ಮಂಡ್ಯ: ಭಾನುವಾರ ಬೆಳಿಗ್ಗೆ ಆರು ಗಂಟೆಗೆ ವಿ.ಸಿ. ನಾಲೆ ಸೇತುವೆ ಹತ್ತಿರ ನಿಂತರೆ ಹಾಲಿನ ಕ್ಯಾನ್ ಕಟ್ಟಿದ ಮೊಪೆಡ್‌ಗಳ ಜೊತೆಗೆ ಈಗ ಇನ್ನೊಂದು ಗುಂಪೂ ಕಾಣಿಸುತ್ತೆ. ತಲೆಗೆ ಹೆಲ್ಮೆಟ್, ಕೈಗೆ ಗ್ಲೌಸ್, ದಪ್ಪ ಟೈರಿನ ಸೈಕಲ್. ಮೈಸೂರು, ಬೆಂಗಳೂರಿನಿಂದ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಬರುವವರಿದ್ದಾರೆ. ನಮ್ಮೂರಿನ ಹುಡುಗರೂ ಇದ್ದಾರೆ.

ಮೌಂಟೇನ್ ಬೈಕ್ ಅಂದರೆ ಬೆಟ್ಟದ ಸೈಕಲ್. ಮಂಡ್ಯದ ಗದ್ದೆ ಬಯಲಲ್ಲಿ ಬೆಟ್ಟ ಎಲ್ಲಿಂದ ಬರಬೇಕು ಅಂತ ಟೀ ಅಂಗಡಿಯಲ್ಲಿ ನಗುವವರೂ ಇದ್ದಾರೆ. ನಗು ಸರಿಯೇ, ಆದರೆ ಈ ಸೈಕಲ್‌ಗೆ ಬೇಕಾಗಿರುವುದು ಬೆಟ್ಟ ಮಾತ್ರ ಅಲ್ಲ, ಡಾಂಬರಿಲ್ಲದ ದಾರಿ. ಆ ದಾರಿ ನಮ್ಮಲ್ಲಿ ನಾಲೆ ಉದ್ದಕ್ಕೂ ಬಿದ್ದಿದೆ.

ಇನ್ನೊಂದು ಕಾರಣವೂ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್‌ಗೂ ಪ್ರವೇಶ ಇಲ್ಲ. ಉಳಿದಿರುವುದು ಸರ್ವೀಸ್ ರಸ್ತೆ. ಅಲ್ಲಿ ಬಸ್ಸು, ಟ್ರ್ಯಾಕ್ಟರ್, ಎದುರುಬದುರು ಬರುವ ಬೈಕ್ ಎಲ್ಲಾ ಒಟ್ಟಿಗೆ. ಅದರ ಎದುರಿಗೆ ನಾಲೆ ಏರಿ ನೆಮ್ಮದಿ ಅನ್ನಿಸುವುದು ಸಹಜ. ಆದರೆ ಆ ನೆಮ್ಮದಿಯ ಒಂದು ಮಗ್ಗುಲಲ್ಲಿ ಆಳು ಮುಳುಗುವಷ್ಟು ನೀರು ಓಡುತ್ತಿರುತ್ತೆ ಅನ್ನೋದನ್ನು ಮೊದಲೇ ತಿಳಿದುಕೊಂಡು ಹೋಗಬೇಕು.

ಯಾವ ನಾಲೆ, ಎಂಥ ದಾರಿ

ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ಅದರ ಎಡದಂಡೆಯ ಮೇಲ್ಮಟ್ಟದ ನಾಲೆಯೇ ಇವತ್ತಿನ ವಿಶ್ವೇಶ್ವರಯ್ಯ ನಾಲೆ, ಎಲ್ಲರ ಬಾಯಲ್ಲಿ ವಿ.ಸಿ. ನಾಲೆ. ಆಗ ವೈಸರಾಯ್ ಆಗಿದ್ದ ಇರ್ವಿನ್ ಹೆಸರಲ್ಲಿ ಇರ್ವಿನ್ ನಾಲೆ ಅಂತ ಕರೆಯುತ್ತಿದ್ದರು. ಹಳಬರು ಈಗಲೂ ಹಾಗೇ ಅನ್ನುವುದುಂಟು. 1930ರ ದಶಕದ ಆರಂಭದಲ್ಲಿ ನೀರು ಹರಿಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಆಯಿತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಈ ಸೀಮೆಯ ಕಬ್ಬು, ಭತ್ತ, ಆಲೆಮನೆ ಎಲ್ಲಾ ಈ ನಾಲೆಯ ಹಿಂದೆ ಬಂದವು.

ಸೈಕಲ್‌ನವರಿಗೆ ಬೇಕಾದ ವಿಷಯ ಬೇರೆ. ನಾಲೆಯನ್ನು ಭೂಮಿಯ ಮಟ್ಟ ಹಿಡಿದು, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ತೋಡಿರುತ್ತಾರೆ. ನೀರು ತಾನಾಗಿ ಹರಿಯಬೇಕು, ಆದರೆ ಏರಿ ಕೊರೆಯುವಷ್ಟು ಜೋರಾಗಿ ಹರಿಯಬಾರದು. ಹಾಗಾಗಿ ಏರಿ ಮೇಲೆ ಹೊರಟರೆ ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಒಂದೇ ಗೇರಿನಲ್ಲಿ ಗಂಟೆಗಟ್ಟಲೆ ತುಳಿಯಬಹುದು. ಬದಲಿಗೆ ನಾಲೆ ದಿಣ್ಣೆ ಸುತ್ತಿಕೊಂಡು ಹೋಗುವುದರಿಂದ ರಸ್ತೆಯಲ್ಲಿ ಐದು ಕಿ.ಮೀ. ಇರುವ ಊರು ನಾಲೆ ಮೇಲೆ ಎಂಟು ಆಗಬಹುದು. ಮ್ಯಾಪ್ ನೋಡಿ ಲೆಕ್ಕ ಹಾಕುವ ಹೊಸಬರು ಮೊದಲು ಎಡವುವುದು ಇಲ್ಲೇ.

ಈ ಸುತ್ತುವ ನಾಲೆಗೆ ಎರಡು ಮಗ್ಗುಲು. ದಿಣ್ಣೆ ಕಡೆಯ ಏರಿ ಸಾಮಾನ್ಯವಾಗಿ ಕಿರಿದು, ಗಿಡಗಂಟಿ ಹೆಚ್ಚು, ಕೆಲವು ಕಡೆ ದಾರಿಯೇ ಇರುವುದಿಲ್ಲ. ಗದ್ದೆ ಕಡೆಯ ಏರಿ ಅಗಲ, ಇಲಾಖೆಯ ಜೀಪು ಓಡಾಡುವುದೂ ಅದರ ಮೇಲೆ. ಸೈಕಲ್‌ಗೆ ಅದೇ ದಾರಿ. ಆದರೆ ಅಲ್ಲಿ ಒಂದು ಕಡೆ ನೀರಾದರೆ ಇನ್ನೊಂದು ಕಡೆ ಗದ್ದೆಗೆ ಇಳಿಜಾರು. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದರೆ ಗದ್ದೆ ಕಡೆಗೇ ಸರಿದು, ಸೈಕಲ್ ಇಳಿದು ನಿಲ್ಲಬೇಕು. ನೀರಿನ ಕಡೆ ಸರಿಯಬಾರದು. ಗದ್ದೆಗೆ ಬಿದ್ದರೆ ಬಟ್ಟೆ ಕೆಸರಾಗುತ್ತೆ, ಅಷ್ಟೇ.

ಹುಲಿಕೆರೆ ಬಳಿ ಇನ್ನೊಂದು ವಿಶೇಷ ಇದೆ. ಅಲ್ಲಿ ನಾಲೆ ನೆಲದೊಳಗೆ ಸುಮಾರು 2.8 ಕಿ.ಮೀ. ಉದ್ದದ ಸುರಂಗ ಹೊಕ್ಕು ಆಚೆ ಬರುತ್ತೆ. ಸುರಂಗ ಇದ್ದ ಕಡೆ ಏರಿ ಎಲ್ಲಿಂದ ಬರಬೇಕು? ನಾಲೆ ನಂಬಿಕೊಂಡು ಬಂದವರು ಅಲ್ಲಿ ಊರ ರಸ್ತೆ ಹಿಡಿದು ದಾಟಬೇಕು. ಸುರಂಗದ ಬಾಯಿಯ ಹತ್ತಿರ ಫೋಟೋ ತೆಗೆಯಲು ಇಳಿಯುವವರಿಗೆ ಊರಿನವರು ಬೈಯುತ್ತಾರೆ. ಬೈದರೆ ಬೇಜಾರು ಮಾಡಿಕೊಳ್ಳಬಾರದು, ಅಲ್ಲಿ ನೀರಿನ ಸೆಳೆತಕ್ಕೆ ಸಿಕ್ಕಿದವರು ಎದ್ದು ಬರುವ ಮಾತಿಲ್ಲ.

ದೊಡ್ಡ ನಾಲೆಗಿಂತ ಅದರಿಂದ ಕವಲೊಡೆದ ಶಾಖಾ ನಾಲೆಗಳು, ವಿತರಣಾ ನಾಲೆಗಳ ಏರಿ ಸೈಕಲ್‌ಗೆ ಹಲವು ಕಡೆ ಹೆಚ್ಚು ಚೆಂದ. ನೀರು ಕಮ್ಮಿ, ಹೊಂಗೆ ಮರದ ನೆರಳು ಇರುತ್ತೆ, ವಾಹನ ಕಡಿಮೆ. ಮೊದಲ ಸಲ ಹೋಗುವವರು, ಮಕ್ಕಳನ್ನು ಕರೆದುಕೊಂಡು ಹೋಗುವವರು ಇವುಗಳಲ್ಲೇ ಶುರು ಮಾಡುವುದು ಒಳ್ಳೇದು. ಶ್ರೀರಂಗಪಟ್ಟಣ ಕಡೆ ಮೈಸೂರು ಅರಸರ ಕಾಲದ ಇನ್ನೂ ಹಳೆಯ ನಾಲೆಗಳಿವೆ: ಚಿಕ್ಕದೇವರಾಯ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ. ಕನ್ನಂಬಾಡಿ ಕಟ್ಟುವ ಎಷ್ಟೋ ಕಾಲ ಮೊದಲೇ ಇವುಗಳಲ್ಲಿ ಕಾವೇರಿ ನೀರು ಗದ್ದೆಗೆ ಹೋಗುತ್ತಿತ್ತು. ಮೈಸೂರಿನ ಸೈಕಲ್ ಗುಂಪುಗಳಿಗೆ ವರುಣ ನಾಲೆಯೂ ಗೊತ್ತಿರುವ ಜಾಗ.

ಏರಿ ಯಾರದ್ದು?

ಇದನ್ನು ಕೇಳದೇ ಹೋಗಿ ಜಗಳ ಮಾಡಿಕೊಂಡು ಬರುವವರಿದ್ದಾರೆ. ಇಂಗ್ಲೆಂಡಿನ ಕಾಲುವೆಗಳ ಪಕ್ಕದಲ್ಲಿ ಸೈಕಲ್ ಹೊಡೆಯುವ ವಿಡಿಯೋ ನೋಡಿ, ಇಲ್ಲೂ ಹಾಗೇ ಅಂದುಕೊಂಡರೆ ತಪ್ಪಾಗುತ್ತೆ. ಅಲ್ಲಿನ ಕಾಲುವೆ ದೋಣಿ ಸಾಗಾಟಕ್ಕೆ ಮಾಡಿದ್ದು. ದಡದಲ್ಲಿ ಕುದುರೆ ನಡೆದು ದೋಣಿ ಎಳೆಯುತ್ತಿತ್ತು. ಕುದುರೆ ಹೋದ ಮೇಲೆ ಆ ದಾರಿ ನಡೆಯುವವರಿಗೂ ಸೈಕಲ್‌ನವರಿಗೂ ಆಯಿತು. ನಮ್ಮ ನಾಲೆ ಬೇಸಾಯಕ್ಕೆ ಮಾಡಿದ್ದು. ಏರಿ ಮೇಲಿನ ದಾರಿ ಇರುವುದು ನಾಲೆ ತಪಾಸಣೆ, ರಿಪೇರಿ, ಹೂಳು ತೆಗೆಯುವ ಕೆಲಸಕ್ಕೆ. ಜಾಗ ನೀರಾವರಿ ನಿಗಮದ್ದು. ಜನ ಓಡಾಡುವುದನ್ನು ಯಾರೂ ದಿನಾ ತಡೆಯುವುದಿಲ್ಲ, ಆದರೆ ಕಾಮಗಾರಿ ನಡೆಯುವಾಗ, ಏರಿ ಬಿರುಕು ಬಿಟ್ಟಾಗ ಅಥವಾ ನೀರು ಜಾಸ್ತಿ ಇದ್ದಾಗ ವಾಪಸ್ ಹೋಗಿ ಅಂದರೆ ಹೋಗಬೇಕು. ವಾದ ಮಾಡಲು ಅಲ್ಲಿ ಹಕ್ಕಿಲ್ಲ.

ನೀರುಗಂಟಿಗಳನ್ನು ಮಾತಾಡಿಸಿಕೊಂಡು ಹೋಗುವುದು ಎಲ್ಲಕ್ಕಿಂತ ಉಪಯೋಗ. ಯಾವ ತೂಬು ತೆರೆದಿದೆ, ಎಲ್ಲಿ ಏರಿ ಕುಸಿದಿದೆ, ಮುಂದೆ ಯಾವ ಮೋರಿ ಒಡೆದಿದೆ ಅನ್ನೋದು ಯಾವ ಆ್ಯಪ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಒಂದು ಮಾತು: ತೂಬಿನ ಗೇಟು, ಅದರ ತಿರುಗಣಿ ಮುಟ್ಟಲೇಬಾರದು. ಕೆಳಭಾಗದ ರೈತ ಎಷ್ಟು ದಿನದಿಂದ ನೀರಿಗೆ ಕಾದಿದ್ದಾನೋ ಗೊತ್ತಿರುವುದಿಲ್ಲ. ಆಟಕ್ಕೆ ಅಂತ ತಿರುಗಿಸಿದರೂ ಜನ ಸೇರುತ್ತಾರೆ.

ನೀರು ಬಿಟ್ಟಾಗ, ನಿಲ್ಲಿಸಿದಾಗ

ನಾಲೆಗೆ ವರ್ಷಪೂರ್ತಿ ನೀರಿರುವುದಿಲ್ಲ. ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಕಟ್ಟೆ ತುಂಬುವುದನ್ನು ನೋಡಿಕೊಂಡು ನೀರಾವರಿ ಸಲಹಾ ಸಮಿತಿ ತೀರ್ಮಾನ ಮಾಡಿ ಬಿಡುತ್ತಾರೆ. ನೀರು ಕಮ್ಮಿ ಇದ್ದ ವರ್ಷ ಕಟ್ಟು ನೀರು ಪದ್ಧತಿ, ಅಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವುದು. ಸೈಕಲ್‌ಗೆ ಇದರಿಂದ ಏನು ಅಂದರೆ, ಹೋದ ವಾರ ಒಣಗಿದ್ದ ನಾಲೆ ಈ ವಾರ ತುಂಬಿರಬಹುದು. ಒಣ ನಾಲೆ ಒಳಗೆ ಇಳಿದು ಕಾಂಕ್ರೀಟ್ ಮೇಲೆ ಸೈಕಲ್ ಹೊಡೆಯುವ ಹುಡುಗರಿದ್ದಾರೆ. ನೀರು ಬಿಡುವ ದಿನ ಅದು ಹುಡುಗಾಟ ಆಗಿ ಉಳಿಯುವುದಿಲ್ಲ.

ಮಳೆ ಬಿದ್ದ ಮಾರನೇ ದಿನವೂ ಏರಿಗೆ ಹೋಗದಿರುವುದು ವಾಸಿ. ಜೇಡಿಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡ್ ಒಳಗೆ ತುಂಬಿ, ಚಕ್ರ ತಿರುಗುವುದೇ ನಿಂತುಹೋಗುತ್ತೆ. ಸೈಕಲ್ ಹೊತ್ತುಕೊಂಡು ಬರಬೇಕಾಗುತ್ತೆ. ಅದಕ್ಕಿಂತ ಮುಖ್ಯ, ಹಸಿ ಏರಿಯಲ್ಲಿ ಟೈರ್ ತೋಡಿದ ಗಾಡಿಗೆರೆ ಒಣಗಿದ ಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಮುಂದಿನ ಮಳೆಗೆ ನೀರು ಅದರಲ್ಲೇ ಹರಿದು ಏರಿ ಕೊರೆಯುತ್ತೆ. ಎರಡು ದಿನ ಬಿಸಿಲು ಬಿದ್ದ ಮೇಲೆ ಹೋದರೆ ಯಾರಿಗೂ ತೊಂದರೆ ಇಲ್ಲ.

ಗಾಳಿ ವಿಷಯವನ್ನೂ ಹೇಳಬೇಕು, ಯಾಕಂದ್ರೆ ಬಯಲು ಸೀಮೆಯಲ್ಲಿ ಗಾಳಿಯೇ ಬೆಟ್ಟ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಜೋರು. ಮಂಡ್ಯದಿಂದ ಹೊರಡುವವರು ಹೋಗುವಾಗ ಕನ್ನಂಬಾಡಿ ದಿಕ್ಕಿಗೆ ಎದುರುಗಾಳಿಯಲ್ಲಿ ಹೋಗಿ, ಬರುವಾಗ ಬೆನ್ನಗಾಳಿಯಲ್ಲಿ ಬಂದರೆ ಸುಸ್ತಾದ ಕಾಲಿಗೆ ಸುಖ. ಉಲ್ಟಾ ಮಾಡಿದವರು ಮಧ್ಯಾಹ್ನದ ಹೊತ್ತಿಗೆ ಗೂಡ್ಸ್ ಆಟೋ ಹುಡುಕುತ್ತಾರೆ.

ಸೈಕಲ್ ಎಂಥದ್ದಿದ್ದರೆ ಸಾಕು

ಮೌಂಟೇನ್ ಬೈಕ್ ಹುಟ್ಟಿದ್ದು 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದ ಮೇಲಿಂದ ಇಳಿಸಿ ಪಂದ್ಯ ಕಟ್ಟುತ್ತಿದ್ದರು. ಒಂದೇ ಸಲ ಇಳಿಯುವಷ್ಟರಲ್ಲಿ ಬ್ರೇಕಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತಂತೆ. ಅಲ್ಲಿಂದ ಅದಕ್ಕೇ ಬೇರೆ ಫ್ರೇಮು, ಬೇರೆ ಗೇರು ಬಂದವು. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಹೀರೋ ರೇಂಜರ್, ಹರ್ಕ್ಯುಲಿಸ್ ಎಂಟಿಬಿ ಅಂತ ಬಂದವಲ್ಲ, ಅವು ಅದೇ ವಂಶದ ನೆಂಟರು. ಗೇರ್ ಇಲ್ಲದಿದ್ದರೂ ನೇರ ಹ್ಯಾಂಡಲ್, ದಪ್ಪ ಟೈರ್ ಇತ್ತು.

ಏರಿ ಮೇಲೆ ಹೋಗಲು ಅಂಥದ್ದೇ ಸಾಕು. ಅಂಗಡಿಯಲ್ಲಿ ಮುಂದೊಂದು ಹಿಂದೊಂದು ಶಾಕ್ ಅಬ್ಸಾರ್ಬರ್ ಇರುವ ಸೈಕಲ್ ನೋಡಲು ಗತ್ತಾಗಿರುತ್ತೆ. ಕಮ್ಮಿ ಬೆಲೆಯದ್ದರಲ್ಲಿ ಅದು ಬರೀ ಭಾರ. ನಾವು ತುಳಿದ ಬಲದಲ್ಲಿ ಒಂದು ಪಾಲು ಆ ಸ್ಪ್ರಿಂಗೇ ತಿನ್ನುತ್ತೆ. ಸಪಾಟು ದಾರಿಗೆ ಹಿಂದಿನ ಶಾಕ್ ಬೇಡವೇ ಬೇಡ. ಅದೇ ದುಡ್ಡಿನಲ್ಲಿ ಒಳ್ಳೆ ಬ್ರೇಕ್, ಒಳ್ಳೆ ಟೈರ್ ಇರುವುದನ್ನು ನೋಡಬೇಕು. ಬ್ರೇಕ್ ಯಾಕೆ ಅಂದರೆ ಏರಿ ಮೇಲೆ ಎಮ್ಮೆ ಅಡ್ಡ ಬರುತ್ತೆ, ಮೇಕೆ ಬರುತ್ತೆ, ನಾಯಿ ಬರುತ್ತೆ. ಹಾರ್ನ್ ಹೊಡೆದರೆ ಎಮ್ಮೆ ಸರಿಯೋಲ್ಲ.

ಗಾಳಿ ಪ್ರಮಾಣ ಟೈರ್ ಪಕ್ಕದಲ್ಲಿ ಬರೆದಿರುತ್ತೆ. ಡಾಂಬರಿಗೆ ಆದರೆ ತುಸು ಗಟ್ಟಿ, ಮಣ್ಣಿನ ಏರಿಗೆ ತುಸು ಮೆತ್ತಗೆ. ಸಾಧಾರಣ ತೂಕದ ಮನುಷ್ಯನಿಗೆ ಎರಡು ಇಂಚು ಅಗಲದ ಟೈರಿನಲ್ಲಿ 30ರಿಂದ 40 ಪಿಎಸ್‌ಐ ಇದ್ದರೆ ಏರಿ ಮೇಲೆ ಆರಾಮ. ಬೈಕ್ ಪಂಚರ್ ಅಂಗಡಿಯ ಕಂಪ್ರೆಸರ್‌ನಲ್ಲಿ ತುಂಬಿಸುವಾಗ ಹುಷಾರು. ಸೈಕಲ್ ಟ್ಯೂಬಿನಲ್ಲಿ ಹಿಡಿಯುವ ಗಾಳಿಯೇ ಸ್ವಲ್ಪ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಢಂ ಅನ್ನುತ್ತೆ. ಬಿಟ್ಟು ಬಿಟ್ಟು ಒತ್ತಬೇಕು.

ಮುಳ್ಳು ಮತ್ತು ಹುಲ್ಲು

ನಾಲೆ ಏರಿಯ ಸೈಕಲ್‌ಗೆ ದೊಡ್ಡ ಶತ್ರು ಕಲ್ಲಲ್ಲ, ಮುಳ್ಳು. ಒಂದು ಜಾಲಿ. ಹೊಲದ ಬೇಲಿಗೆ ಕಡಿದು ಹಾಕಿದ ಕೊಂಬೆ ಒಣಗಿ ಮುರಿದು ದಾರಿಗೆ ಬಂದಿರುತ್ತೆ. ಇನ್ನೊಂದು ನೆಲಕ್ಕೆ ಹಬ್ಬುವ ನೆಗ್ಗಿಲು. ಹಳದಿ ಹೂವಿನ ಈ ಬಳ್ಳಿಯ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತೆ. ಏರಿ ಬಿಟ್ಟು ಹುಲ್ಲಿನ ಮೇಲೆ ಹತ್ತು ಮಾರು ಹೋದರೆ ಟೈರಿನಲ್ಲಿ ಹತ್ತು ಕಾಯಿ. ಗಾಡಿ ಓಡಾಡಿ ಮಣ್ಣು ಬೆಳ್ಳಗಾದ ಗೆರೆಯಲ್ಲೇ ಹೋಗಬೇಕು, ಅಲ್ಲಿ ಮುಳ್ಳು ಕಮ್ಮಿ.

ಪಂಚರ್ ಆದರೆ ಟ್ಯೂಬ್ ಬದಲಿಸಿ ಹೊರಡುವ ಮೊದಲು ಟೈರ್ ಒಳಗೆ ಬಟ್ಟೆ ಆಡಿಸಿ ಮುಳ್ಳು ಹುಡುಕಬೇಕು. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಮುಳ್ಳಿರುತ್ತೆ. ಬೆರಳು ಆಡಿಸಿದರೆ ಬೆರಳಿಗೆ. ಇದನ್ನು ಮಾಡದೇ ಹೊಸ ಟ್ಯೂಬ್ ಹಾಕಿದವರಿಗೆ ಅರ್ಧ ಕಿಲೋಮೀಟರಿನಲ್ಲಿ ಎರಡನೇ ಪಂಚರ್ ಖಾಯಂ. ಮುಳ್ಳು ಹೆಚ್ಚಿರುವ ಕಡೆ ಓಡಾಡುವವರು ಟ್ಯೂಬ್ ಒಳಗೆ ಸೀಲೆಂಟ್ ದ್ರವ ಹಾಕಿಸುವುದುಂಟು, ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತೆ.

ಡಿಸೆಂಬರ್, ಜನವರಿಯಲ್ಲಿ ಬೇರೆ ಕಾಟ. ರಾಗಿ, ಹುರುಳಿ ಒಕ್ಕಣೆ ರಸ್ತೆ ಮೇಲೇ ನಡೆಯುತ್ತೆ. ರಸ್ತೆ ಮೇಲೆ ಒಕ್ಕಣೆ ಮಾಡಬೇಡಿ ಅಂತ ಪ್ರತಿವರ್ಷ ಹೇಳುತ್ತಾರೆ, ಪ್ರತಿವರ್ಷ ನಡೆಯುತ್ತೆ. ಕಣ ಇಲ್ಲದವರು ಎಲ್ಲಿಗೆ ಹೋಗಬೇಕು ಅನ್ನುವುದೂ ಇದ್ದದ್ದೇ. ಗೇರ್ ಸೈಕಲ್ ಆ ಹುಲ್ಲಿನ ಮೇಲೆ ಹೋದರೆ ಹುರುಳಿ ಬಳ್ಳಿ ಚೈನಿಗೆ ಸುತ್ತಿ, ಹಿಂದಿನ ಡಿರೇಲರ್ ಒಳಗೆ ಎಳೆದುಕೊಂಡು, ಅದನ್ನು ಹಿಡಿದಿರುವ ಹ್ಯಾಂಗರ್ ಬಗ್ಗಿಸುತ್ತೆ. ಕೆಲವೊಮ್ಮೆ ಮುರಿದೇ ಹೋಗುತ್ತೆ. ಒಂದೊಂದು ಮಾಡೆಲ್‌ಗೆ ಒಂದೊಂದು ಆಕಾರದ ಹ್ಯಾಂಗರ್ ಇರುವುದರಿಂದ ತಾಲ್ಲೂಕು ಕೇಂದ್ರದಲ್ಲಿ ಸಿಗುವುದು ಕಷ್ಟ. ಒಕ್ಕಣೆ ಕಂಡರೆ ಇಳಿದು ತಳ್ಳಿಕೊಂಡು ದಾಟಿದರೆ ಸೈಕಲ್ಲೂ ಉಳಿಯುತ್ತೆ, ರೈತರ ಕಾಳೂ ಉಳಿಯುತ್ತೆ.

ಪಂಚರ್ ಅಂಗಡಿಯವರ ಗಮನಕ್ಕೆ

ಗೇರ್ ಸೈಕಲ್ ಬಂದರೆ ಟ್ಯೂಬ್ ಇಲ್ಲ ಅಂತ ವಾಪಸ್ ಕಳಿಸುವ ಅಂಗಡಿಗಳೇ ಹೆಚ್ಚು. ಇದರಲ್ಲಿ ಗೊಂದಲ ಇರುವುದು ಅಳತೆಯಲ್ಲಿ. ಶಾಲೆ ಮಕ್ಕಳ ಸೈಕಲ್ ಮೇಲೆ 26 × 1⅜ ಅಂತ ಇರುತ್ತೆ. ಗೇರ್ ಸೈಕಲ್ ಮೇಲೆ 26 × 1.95 ಅಥವಾ 26 × 2.1 ಅಂತ ಇರುತ್ತೆ. ಎರಡೂ 26, ಆದರೆ ಟೈರ್ ಅದಲುಬದಲು ಆಗುವುದಿಲ್ಲ. ಮೊದಲನೆಯದರ ರಿಮ್ ಅಳತೆ 590 ಮಿ.ಮೀ., ಎರಡನೆಯದು 559 ಮಿ.ಮೀ. ಹಳೇ ದೊಡ್ಡ ಸೈಕಲ್ಲಿನ 28 × 1½ ಆದರೆ 635. ಹೊಸ ಎಂಟಿಬಿಗಳಲ್ಲಿ 27.5 ಇಂಚಿನದ್ದು 584, 29 ಇಂಚಿನದ್ದು 622. ಟೈರ್ ಪಕ್ಕದಲ್ಲಿ ಸಣ್ಣದಾಗಿ 54-559, 57-622 ಅಂತ ಬರೆದಿರುವ ಎರಡನೇ ಸಂಖ್ಯೆಯೇ ಇದು. ಇಂಚು ನೋಡಬೇಡಿ, ಇದನ್ನು ನೋಡಿ ಕೊಡಿ. ಗಿರಾಕಿ ವಾಪಸ್ ಬರುವುದಿಲ್ಲ.

ಟ್ಯೂಬ್ ಮಾತ್ರ ಸ್ವಲ್ಪ ಸಡಿಲ, ರಬ್ಬರ್ ಹಿಗ್ಗುತ್ತಲ್ಲ. 27.5 ಟ್ಯೂಬ್ ತುರ್ತಿಗೆ 29ಕ್ಕೂ ನಡೆಯುತ್ತೆ. ಹಾಗಾಗಿ 26 × 1.95, 27.5 × 2.1 ಈ ಎರಡು ಅಳತೆಯ ಟ್ಯೂಬ್ ಒಂದೊಂದು ನಾಲ್ಕೈದು ಇಟ್ಟುಕೊಂಡರೆ ಏರಿ ಮೇಲಿಂದ ಬರುವ ಬಹುಪಾಲು ಗಿರಾಕಿಗಳನ್ನು ಸಂಭಾಳಿಸಬಹುದು.

ವಾಲ್ವ್ ಮೂರು ಥರ. ಹಳೇ ಸೈಕಲ್ಲಿನದ್ದು ಗೊತ್ತಿರುವುದೇ. ಬಹುಪಾಲು ಎಂಟಿಬಿಗೆ ಇರುವುದು ಬೈಕ್, ಕಾರಿಗೆ ಇರುವಂಥ ಷ್ರೇಡರ್ ವಾಲ್ವ್, ಬೈಕ್ ಗಾಳಿ ಪಂಪೇ ಆಗುತ್ತೆ. ದುಬಾರಿ ಸೈಕಲ್‌ಗಳಲ್ಲಿ ಪೆನ್ಸಿಲ್ಲಿಗಿಂತ ಸಣ್ಣಗಿರುವ ಪ್ರೆಸ್ಟಾ ವಾಲ್ವ್ ಬರುತ್ತೆ. ಅದರ ತುದಿಯ ಪುಟ್ಟ ನಟ್ಟು ಸಡಿಲಿಸಿ, ಹಿತ್ತಾಳೆಯ ಅಡಾಪ್ಟರ್ ತಿರುಗಿಸಿದರೆ ಅದೇ ಬೈಕ್ ಪಂಪಿನಲ್ಲಿ ಗಾಳಿ ತುಂಬಬಹುದು. ಬೆರಳ ತುದಿಯಷ್ಟಿರುವ ಈ ಅಡಾಪ್ಟರ್ ಒಂದು ಅಂಗಡಿಯಲ್ಲಿದ್ದರೆ ಅಷ್ಟು ದೂರದಿಂದ ಬಂದವರ ಪ್ರಯಾಣ ಉಳಿಯುತ್ತೆ. ಬೈಕ್ ಟ್ಯೂಬಿಗೆ ಹಾಕುವ ಬಿಸಿ ಪ್ಯಾಚ್ ಮಾತ್ರ ಬೇಡ, ತೆಳು ಟ್ಯೂಬ್ ಸುಟ್ಟುಹೋಗುತ್ತೆ. ಸಲ್ಯೂಷನ್ ಹಚ್ಚಿ ಅಂಟಿಸುವ ಪ್ಯಾಚೇ ಸರಿ.

ಸೇತುವೆ ಪಕ್ಕದ ಚಿಲ್ಲರೆ ಅಂಗಡಿಗಳಿಗೂ ಇದು ಸಣ್ಣ ವ್ಯಾಪಾರ. ಇವರು ಕೇಳುವುದು ಬಾಳೆಹಣ್ಣು, ಕಡಲೆ ಮಿಠಾಯಿ, ಮಜ್ಜಿಗೆ, ಎಳನೀರು. ಆಲೆಮನೆ ನಡೆಯುವ ದಿನಗಳಲ್ಲಿ ಕಬ್ಬಿನ ಹಾಲು, ಬಿಸಿ ಬೆಲ್ಲ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದಿರಬೇಕು ಅಷ್ಟೇ, ಒಂಬತ್ತಕ್ಕೆಲ್ಲಾ ಇವರು ವಾಪಸ್ ಹೊರಟಿರುತ್ತಾರೆ.

ನದಿ ದಡ ಬೇರೆ ಲೆಕ್ಕ

ನಾಲೆ ಹಾಗೆ ನದಿಗೆ ಉದ್ದಕ್ಕೂ ಏರಿ ಇರುವುದಿಲ್ಲ. ಕಾವೇರಿ ದಡದಲ್ಲಿ ಸ್ವಲ್ಪ ದೂರ ದಾರಿ ಸಿಗುತ್ತೆ, ಆಮೇಲೆ ತೋಟದ ಬೇಲಿ ಬರುತ್ತೆ. ಊರೊಳಗೆ ಹೋಗಿ ಮತ್ತೆ ಇಳಿಯಬೇಕು. ಶ್ರೀರಂಗಪಟ್ಟಣದ ಸುತ್ತ ಸಂಗಮ, ಗಂಜಾಂ, ಲೋಕಪಾವನಿ ಬಂದು ಸೇರುವ ಕರಿಘಟ್ಟದ ಬುಡ, ಹೀಗೆ ಬಿಡಿ ಬಿಡಿಯಾಗಿ ನೋಡಬಹುದು. 1804ರಲ್ಲಿ ಪೂರ್ಣಯ್ಯನವರು ದಿವಾನರಾಗಿದ್ದಾಗ ಕಟ್ಟಿದ ವೆಲ್ಲೆಸ್ಲಿ ಸೇತುವೆ ಅಲ್ಲೇ ಇದೆ. ಕಟ್ಟೆಯಿಂದ ಹೊರಹರಿವು ಜಾಸ್ತಿಯಾದಾಗ ಆ ಸೇತುವೆ ಕಡೆ ಜನರನ್ನು ಬಿಡುವುದಿಲ್ಲ. ನದಿ ಪಾತ್ರದಿಂದ ದೂರ ಇರಿ ಅನ್ನುವ ಸೂಚನೆ ಬಂದ ದಿನ ಸೈಕಲ್ ಮನೆಯಲ್ಲೇ ಇರಲಿ.

ಕಾವೇರಿಯಲ್ಲಿ ಮೊಸಳೆ ಇದೆ. ರಂಗನತಿಟ್ಟಿಗೆ ಹೋದವರು ಬಂಡೆ ಮೇಲೆ ಮಲಗಿರುವುದನ್ನು ನೋಡಿರುತ್ತಾರೆ. ಆದರೆ ಅದು ಪಕ್ಷಿಧಾಮದ ಗಡಿ ನೋಡಿಕೊಂಡು ಓಡಾಡುವುದಿಲ್ಲ. ಕೆಸರಾದ ಸೈಕಲ್ ತೊಳೆಯಲು ಹೊಳೆಗೆ ಇಳಿಯುವ ಅಭ್ಯಾಸ ಬಿಡಬೇಕು. ಮರಳು ತೆಗೆದ ಗುಂಡಿಗಳೂ ಇವೆ. ಮೇಲೆ ಮೊಳಕಾಲುದ್ದ ಕಂಡರೂ ಮುಂದಿನ ಹೆಜ್ಜೆಗೆ ತಳ ಸಿಗುವುದಿಲ್ಲ.

ಮದ್ದೂರು ಕಡೆಯವರಿಗೆ ಶಿಂಷಾ ಹತ್ತಿರದ ಕೊಕ್ಕರೆ ಬೆಳ್ಳೂರು ಒಳ್ಳೆ ದಾರಿ. ಹೆದ್ದಾರಿ ಕಡೆಯಿಂದ ಸುಮಾರು 12 ಕಿ.ಮೀ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ಹೋದರೆ ಸಿಗುತ್ತವೆ. ಮರದ ಕೆಳಗೆ ಬೆಲ್ ಹೊಡೆಯುತ್ತಾ, ಸ್ಪೀಕರ್ ಹಾಕಿಕೊಂಡು ಹೋಗುವುದು ಬೇಡ.

ನೀರಿಗೆ ಬಿದ್ದರೆ

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆ ಮಕ್ಕಳೂ ಇದ್ದರು. 2023ರ ನವೆಂಬರ್‌ನಲ್ಲಿ ಬನಘಟ್ಟ ಬಳಿ ಕಾರು ಬಿದ್ದು ಐವರು ಹೋದರು. ಪ್ರತಿಸಲ ತಡೆಗೋಡೆ ಬೇಕು ಅಂತ ಕೂಗು ಏಳುತ್ತೆ, ಕೆಲವು ಕಡೆ ಕಟ್ಟುತ್ತಾರೆ. ತಡೆಗೋಡೆ ಇಲ್ಲದ ಉದ್ದ ಇನ್ನೂ ಬೇಕಾದಷ್ಟಿದೆ. ಬಸ್ಸು, ಕಾರಿಗೇ ಹೀಗಾದ ಕಡೆ ಸೈಕಲ್ ಎಷ್ಟರದು?

ಕಾಂಕ್ರೀಟ್ ಹಾಕಿದ ನಾಲೆ ನೋಡಲು ಅಚ್ಚುಕಟ್ಟು, ಬಿದ್ದವರಿಗೆ ಮಾತ್ರ ಹಳೇ ಮಣ್ಣಿನ ನಾಲೆಗಿಂತ ಕಷ್ಟ. ಮಣ್ಣಿನ ನಾಲೆಯಲ್ಲಿ ಬೇರೋ ಹುಲ್ಲೋ ಕೈಗೆ ಸಿಗುತ್ತಿತ್ತು. ಇಲ್ಲಿ ಎರಡೂ ಕಡೆ ಇಳಿಜಾರು, ನೀರಿನ ಮಟ್ಟದಲ್ಲಿ ಪಾಚಿ. ಈಜು ಬರುವವರೂ ಹತ್ತಲು ಹೋಗಿ ಜಾರಿ ಜಾರಿ ಸುಸ್ತಾಗಿ ಮುಳುಗುತ್ತಾರೆ.

ಬಿದ್ದವರು ಸೈಕಲ್ ಬಿಟ್ಟುಬಿಡಬೇಕು. ನಲವತ್ತು ಸಾವಿರದ್ದಾದರೂ ಬಿಡಬೇಕು. ಬೆನ್ನಿನ ಬ್ಯಾಗು ಕಳಚಬೇಕು. ಹರಿವಿಗೆ ಎದುರಾಗಿ ಈಜದೆ, ಅಂಗಾತ ಮಲಗಿ ಕಾಲು ಮುಂದೆ ಮಾಡಿ ನೀರಿನ ಜೊತೆ ಹೋಗುತ್ತಾ ದಡಕ್ಕೆ ಓರೆಯಾಗಿ ಸರಿಯಬೇಕು. ಸೇತುವೆ ಹತ್ತಿರ, ಬಟ್ಟೆ ಒಗೆಯುವ ಮೆಟ್ಟಿಲ ಹತ್ತಿರ ಹಿಡಿತ ಸಿಗುತ್ತೆ. ತೂಬು, ಸುರಂಗ ಇರುವ ದಿಕ್ಕಾದರೆ ಅದಕ್ಕೆ ಮೊದಲೇ ದಡ ಹಿಡಿಯಬೇಕು.

ಜೊತೆಯವರು ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರೂ ಹೋದ ಸುದ್ದಿ ಈ ಜಿಲ್ಲೆಯವರಿಗೆ ಹೊಸದಲ್ಲ. ದಡದಲ್ಲಿ ಓಡುತ್ತಾ ಬಿದ್ದವರಿಗಿಂತ ಮುಂದೆ ಹೋಗಿ ಹಗ್ಗ ಎಸೆಯಬೇಕು. ಹಗ್ಗ ಇಲ್ಲದಿದ್ದರೆ ಸೀರೆ, ಪಂಚೆ, ಉದ್ದ ಗಳ. ಗುಂಪಿನಲ್ಲಿ ಹೋಗುವವರು ಹದಿನೈದು ಇಪ್ಪತ್ತು ಮೀಟರ್ ನೈಲಾನ್ ಹಗ್ಗ ಒಬ್ಬರ ಬ್ಯಾಗಲ್ಲಾದರೂ ಇಟ್ಟಿರಬೇಕು. ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಕಟ್ಟಿ ಎಸೆದರೆ ದೂರವೂ ಹೋಗುತ್ತೆ, ತೇಲುತ್ತೆ, ಹಿಡಿಯಲೂ ಸುಲಭ. ಸೇತುವೆ ಪಕ್ಕದ ಅಂಗಡಿಯವರು ಇಂಥದ್ದೊಂದು ಮಾಡಿ ಬಾಗಿಲ ಹಿಂದೆ ನೇತುಹಾಕಿಕೊಂಡರೆ ಖರ್ಚು ಹೆಚ್ಚೇನಿಲ್ಲ.

ಏರಿ ಮೇಲೆ ಒಬ್ಬರೇ ಹೋಗಬಾರದು, ಕತ್ತಲಾದ ಮೇಲೆ ಯಾರೂ ಹೋಗಬಾರದು. ಇಬ್ಬರು ಅಕ್ಕಪಕ್ಕ ಮಾತಾಡಿಕೊಂಡು ಹೋಗುವುದೂ ಬೇಡ. ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಮೂರು ಸೈಕಲ್ ಅಂತರ. ಫೋನ್ ನೋಡಬೇಕಾದರೆ ನಿಂತು ನೋಡಬೇಕು.

ದಿನಾ ಈ ಏರಿ ಮೇಲೆ ಸೈಕಲ್ ಹೊಡೆಯುವವರಲ್ಲಿ ಹೆಲ್ಮೆಟ್ ಹಾಕಿದವರು ಕಮ್ಮಿ. ಹೆಚ್ಚಿನವರು ತೋಟಕ್ಕೆ ಹೋಗುವವರು, ಬಸ್ ಇಲ್ಲದ ಊರಿನಿಂದ ಹೈಸ್ಕೂಲಿಗೆ ಹೋಗುವ ಮಕ್ಕಳು. 2006–07ರಿಂದ ಎಂಟನೇ ತರಗತಿಯವರಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು, ಕೋವಿಡ್ ಬಂದ ಮೇಲೆ ನಿಂತಿತು. ಆಗ ಕೊಟ್ಟ ಸೈಕಲ್‌ಗಳು ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಬಂದು ಇನ್ನೂ ಓಡುತ್ತಿವೆ. ಅವುಗಳಲ್ಲಿ ಹಿಂದಿನ ಬ್ರೇಕ್ ಇಲ್ಲದವು ಎಷ್ಟೋ. ಬ್ರೇಕ್ ಕಟ್ಟೆ ಬದಲಿಸುವುದು ಹತ್ತು ನಿಮಿಷದ ಕೆಲಸ. ಟೈರ್ ಬೇಕಾದರೆ ಅಳತೆ 26 × 1⅜, ಅಂದರೆ 590.

ಏನಾದರೂ ಆದರೆ 112ಕ್ಕೆ ಫೋನ್ ಮಾಡಬೇಕು, ಆಂಬುಲೆನ್ಸ್‌ಗೆ 108. ನಾಲೆ ಹತ್ತಿರ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಏರಿ ಪಕ್ಕದಲ್ಲಿ ದೂರದ ಸಂಖ್ಯೆ ಕೆತ್ತಿದ ಚೈನೇಜ್ ಕಲ್ಲುಗಳಿರುತ್ತವೆ. ಆ ಸಂಖ್ಯೆ, ನಾಲೆಯ ಹೆಸರು, ಹಿಂದೆ ದಾಟಿ ಬಂದ ಸೇತುವೆ ಯಾವ ಊರಿನದ್ದು, ಯಾವ ದಡ, ಇಷ್ಟನ್ನು ಹೇಳಬೇಕು.